ಮೂಳೆಗೊಂದು ಮುದ್ರಿತ ಹಂದರ

ಮುರಿದ ಮೂಳೆ ತಾನಾಗಿ ಕೂಡಿಕೊಳ್ಳುತ್ತದೆ. ಅಪಘಾತದಲ್ಲೋ ಗಡ್ಡೆ ಕತ್ತರಿಸಿದಾಗಲೋ ನಾಲ್ಕೈದು ಸೆಂಟಿಮೀಟರ್ ಮೂಳೆಯೇ ಹೋಗಿಬಿಟ್ಟರೆ ಮಾತ್ರ ದೇಹಕ್ಕೆ ಆ ಕಂದಕ ತುಂಬಲಾಗದು. ಆಗ ಶಸ್ತ್ರವೈದ್ಯರ ಕಣ್ಣು ಹೋಗುವುದು ರೋಗಿಯದೇ ಸೊಂಟದ ಮೂಳೆಯ ಮೇಲೆ. ಅಲ್ಲಿಂದ ಕೆತ್ತಿ ತಂದ ಚೂರು ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಸಿಗುವುದು ಅಷ್ಟಿಷ್ಟು, ಕೆತ್ತಿದ ಜಾಗದ ನೋವು ಬೇರೆ.

ಬದಲಿ ವಸ್ತುವಿನ ಹುಡುಕಾಟ ಹಳೆಯದು. 1892ರಲ್ಲಿ ಜರ್ಮನಿಯ ಡ್ರೀಸ್‌ಮನ್ ಮೂಳೆಯ ಪೊಳ್ಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ. 1920ರಲ್ಲಿ ಅಮೆರಿಕದ ಆಲ್ಬಿ ಕ್ಯಾಲ್ಸಿಯಂ ಫಾಸ್ಫೇಟ್ ಪ್ರಯೋಗಿಸಿದ. ದಿಕ್ಕು ಬದಲಿಸಿದ್ದು 1965ರಲ್ಲಿ ಮಾರ್ಷಲ್ ಯೂರಿಸ್ಟ್. ಖನಿಜಾಂಶ ತೆಗೆದ ಮೂಳೆಯನ್ನು ಪ್ರಾಣಿಗಳ ಸ್ನಾಯುವಿನೊಳಗೆ ಹುದುಗಿಸಿದಾಗ, ಮೂಳೆಗೆ ಸಂಬಂಧವೇ ಇಲ್ಲದ ಆ ಜಾಗದಲ್ಲಿ ಹೊಸ ಮೂಳೆ ಬೆಳೆಯಿತು. ಪೊಳ್ಳು ತುಂಬಿದರೆ ಸಾಲದು, ಜೀವಕೋಶಗಳನ್ನು ಕೆಲಸಕ್ಕೆ ಹಚ್ಚಬೇಕು ಎಂಬುದು ಅಲ್ಲಿಂದ ಗಟ್ಟಿಯಾಯಿತು. ನಾಲ್ಕು ವರ್ಷದ ನಂತರ ಫ್ಲಾರಿಡಾದಲ್ಲಿ ಲ್ಯಾರಿ ಹೆಂಚ್ ಮೂಳೆಗೆ ಬೆಸೆದುಕೊಳ್ಳುವ ಗಾಜನ್ನೇ ತಯಾರಿಸಿದರು.

ವಸ್ತುವನ್ನೇ ಪದರ ಪದರವಾಗಿ ಕಟ್ಟುವ ಮೂರು ಆಯಾಮದ ಮುದ್ರಣದ ಎಳೆ ಬಂದದ್ದು ಕಾರ್ಖಾನೆಗಳ ಕಡೆಯಿಂದ. ಚಕ್ ಹಲ್ ಅವರ ಸ್ಟೀರಿಯೋಲಿಥೋಗ್ರಫಿ ಎಂಬ ಮುದ್ರಣ ವಿಧಾನಕ್ಕೆ 1986ರಲ್ಲಿ ಪೇಟೆಂಟ್ ಸಿಕ್ಕಿತು. 1993ರಲ್ಲಿ ಲ್ಯಾಂಗರ್ ಮತ್ತು ವಕಾಂಟಿ ಅಂಗಾಂಶ ಎಂಜಿನಿಯರಿಂಗ್‌ನ ನಕ್ಷೆ ಬರೆದರು. ಎರಡೂ ಎಳೆ ಬಿಗಿಯಾಗಿ ಹೆಣೆದುಕೊಂಡದ್ದು, ನನ್ನ ಲೆಕ್ಕದಲ್ಲಿ, 2000ರ ಆಸುಪಾಸಿನ ಸಿಂಗಪುರದಲ್ಲಿ. ಡೀಟ್ಮಾರ್ ಹುಟ್‌ಮಾಕರ್ ತಂಡ ಆರಿಸಿಕೊಂಡದ್ದು ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪ್ಲಾಸ್ಟಿಕ್. ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುತ್ತದೆ, ದೇಹದೊಳಗೆ ಎರಡು ಮೂರು ವರ್ಷ ಹಿಡಿದು ನಿಧಾನವಾಗಿ ಕರಗಿಹೋಗುತ್ತದೆ. ಕರಗಿಸಿ ಎಳೆದ ದಾರವನ್ನು ಒಂದು ಪದರದಲ್ಲಿ ನೇರವಾಗಿ, ಮೇಲಿನದರಲ್ಲಿ 60 ಡಿಗ್ರಿ ಓರೆಯಾಗಿ, ಅದರ ಮೇಲೆ 120 ಡಿಗ್ರಿಗೆ ಹಾಸುತ್ತ ಹೋದರೆ ಜೇನುಗೂಡಿನಂಥ ಹಂದರ ಏಳುತ್ತದೆ. ಅದರ ರಂಧ್ರಗಳೆಲ್ಲ ಒಂದಕ್ಕೊಂದು ತೆರೆದುಕೊಂಡಿರಬೇಕು. ಅಗಲ 300 ಮೈಕ್ರಾನ್‌ಗಿಂತ ಹೆಚ್ಚಿದ್ದರೆ ಮೂಳೆಯೂ ರಕ್ತನಾಳವೂ ಸಲೀಸಾಗಿ ಒಳನುಗ್ಗುತ್ತವೆ. ಹಾಗೆಂದು ರಂಧ್ರ ಹಿಗ್ಗಿಸುತ್ತ ಹೋದರೆ ಹಂದರ ಭಾರ ತಾಳದು. ಈ ತಂತ್ರದಿಂದ ಹುಟ್ಟಿದ ತಲೆಬುರುಡೆಯ ರಂಧ್ರ ಮುಚ್ಚುವ ಬಿರಡೆಗೆ 2006ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಅನುಮತಿ ದೊರೆಯಿತು.

ಮುಂದಿನ ವರ್ಷಗಳಲ್ಲಿ ವಸ್ತುಗಳ ಭರಾಟೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸುಸ್ಮಿತಾ ಬೋಸ್ ಮತ್ತು ಅಮಿತ್ ಬಂದ್ಯೋಪಾಧ್ಯಾಯ ಕ್ಯಾಲ್ಸಿಯಂ ಫಾಸ್ಫೇಟ್ ಪುಡಿಗೆ ಸಿಲಿಕಾ, ಸತುವಿನ ಆಕ್ಸೈಡ್ ಬೆರೆಸಿ ಮುದ್ರಿಸಿದರು. 2016ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ರಮೀಲ್ ಶಾ ತಂಡ ತೂಕದಲ್ಲಿ ಶೇಕಡ 90 ಪಾಲು ಹೈಡ್ರಾಕ್ಸಿಅಪಟೈಟ್ ಎಂಬ ಖನಿಜವೇ ಇದ್ದೂ ರಬ್ಬರಿನಂತೆ ಹಿಂಡಬಹುದಾದ ಹಂದರ ತೋರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಬಿಕ್ರಮ್‌ಜಿತ್ ಬಸು, ಕೌಶಿಕ್ ಚಟರ್ಜಿ ಅವರ ಪ್ರಯೋಗಾಲಯಗಳು ಇದೇ ಕ್ಷೇತ್ರದಲ್ಲಿ ದುಡಿದಿವೆ.

ಪತ್ರಿಕೆಗಳು ಸಂಭ್ರಮಿಸುವುದು ರೋಗಿಯ ಅಳತೆಗೆ ತಕ್ಕ ಆಕಾರದ ಬಗ್ಗೆ. ಸಿ.ಟಿ. ಸ್ಕ್ಯಾನ್ ಕೈಯಲ್ಲಿದ್ದರೆ ಅದು ಇಡೀ ಕೆಲಸದಲ್ಲಿ ಸಲೀಸಾದ ಭಾಗ. ಕಷ್ಟವಿರುವುದು ರಕ್ತದಲ್ಲಿ. ರಕ್ತನಾಳದಿಂದ ಒಂದೆರಡು ನೂರು ಮೈಕ್ರಾನ್ ದಾಟಿದರೆ ಕೋಶಗಳಿಗೆ ಆಮ್ಲಜನಕ ಸಾಲದು. ಹಂದರ ದೊಡ್ಡದಾದಷ್ಟೂ ನಡುಭಾಗ ಬರಡು. 2017ರಲ್ಲಿ ಬ್ರಿಸ್ಬೇನ್‌ನ ಪ್ರಿನ್ಸೆಸ್ ಅಲೆಕ್ಸಾಂಡ್ರಾ ಆಸ್ಪತ್ರೆಯಲ್ಲಿ ಸೋಂಕಿಗೆ ತುತ್ತಾದ ಮೊಣಕಾಲ ಕೆಳಗಿನ ಮೂಳೆಯ ಜಾಗಕ್ಕೆ 36 ಸೆಂಟಿಮೀಟರ್ ಉದ್ದದ ಮುದ್ರಿತ ಹಂದರ ಕೂರಿಸಿದಾಗ, ವೈದ್ಯರು ಅದರ ಜೊತೆಗೆ ರೋಗಿಯ ದೇಹದಿಂದಲೇ ರಕ್ತನಾಳಗಳಿದ್ದ ಅಂಗಾಂಶವನ್ನೂ ಸೇರಿಸಿದ್ದು ಅದಕ್ಕೇ. ಯಂತ್ರಕ್ಕೆ ಮುದ್ರಿಸಲಾಗದ್ದನ್ನು ಕತ್ತಿ, ಸೂಜಿಗಳೇ ಪೂರೈಸಬೇಕಾಯಿತು.

ಮಾರುಕಟ್ಟೆಗೆ ಬಂದಿರುವ ಉತ್ಪನ್ನಗಳೂ ಈ ಮಿತಿಯನ್ನೇ ಹೇಳುತ್ತವೆ. ಬೆಲ್ಜಿಯಂನ ಸೆರ್‌ಹಮ್ ಕಂಪನಿಯ ರೋಗಿಗೆ ತಕ್ಕ ಮುದ್ರಿತ ಕಸಿಗೆ 2022ರಲ್ಲಿ ಯೂರೋಪಿನ ಒಪ್ಪಿಗೆ ಸಿಕ್ಕಿದ್ದು ಮುಖ, ದವಡೆಗಳ ದುರಸ್ತಿಗೆ. ಅಲ್ಲಿ ರಕ್ತಸಂಚಾರ ಧಾರಾಳ, ಹೊರಬೇಕಾದ ಭಾರ ಕಡಿಮೆ. ತೊಡೆಮೂಳೆಯ ದೊಡ್ಡ ಅಂತರ ತುಂಬಬೇಕಾದ ವೈದ್ಯರು ಈಗಲೂ ಸೊಂಟದ ಕಡೆಗೇ ಉಳಿ ಹಿಡಿಯುತ್ತಾರೆ.