ಆಲ್ಪ್ಸ್ ಸರೋವರ, ಪರ್ವತಗಳ ನಡುವೆ ಕಾರು ಪ್ರವಾಸ: ಕುಟುಂಬ ಹೊರಡುವ ಮುನ್ನ ತಿಳಿದಿರಬೇಕಾದದ್ದು

ಮಗನೋ ಮಗಳೋ ಜರ್ಮನಿಯಲ್ಲಿ ಓದುತ್ತಿರುವ ಅಥವಾ ಕೆಲಸದಲ್ಲಿರುವ ಮನೆಗಳು ನಮ್ಮ ಗಡಿ ಭಾಗದ ಹಳ್ಳಿಗಳಲ್ಲಿ ಈಗ ಅಪರೂಪವಲ್ಲ. ‘ಅಪ್ಪ, ಅಮ್ಮ ಒಮ್ಮೆ ಬನ್ನಿ, ಕಾರು ಬಾಡಿಗೆಗೆ ಹಿಡಿದು ಬೆಟ್ಟ, ಸರೋವರ ಎಲ್ಲಾ ನೋಡಿ ಬರೋಣ’ ಎಂಬ ಕರೆ ಬಂದೊಡನೆ ಮನೆಯಲ್ಲಿ ಸಂಭ್ರಮ ಶುರುವಾಗುತ್ತದೆ. ಆದರೆ ಇದು ವರ್ಷಗಳ ಉಳಿತಾಯ ಖರ್ಚಾಗುವ ಪ್ರವಾಸ. ಸರಿಯಾಗಿ ಯೋಜಿಸದೆ ಹೋದರೆ ವೀಸಾ ತಿರಸ್ಕಾರ, ದಂಡ, ಮುಚ್ಚಿದ ಘಾಟಿ ರಸ್ತೆ ಇತ್ಯಾದಿ ತೊಂದರೆಗಳಲ್ಲಿ ಹಣವೂ ದಿನವೂ ಕಳೆದುಹೋಗುತ್ತವೆ.

ಗಡಿಯವರಾದ ನಮಗೆ ಒಂದು ವಿಷಯ ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ರಾಜ್ಯ ದಾಟಿದರೆ ಚೆಕ್‌ಪೋಸ್ಟ್ ಕಾಣಿಸುತ್ತದೆ. ಅಲ್ಲಿ ದೇಶ ದಾಟಿದರೂ ಹೆಚ್ಚಿನ ಕಡೆ ಒಂದು ನೀಲಿ ಫಲಕ ಬಿಟ್ಟರೆ ಏನೂ ಕಾಣಿಸುವುದಿಲ್ಲ. ಆದರೆ ಆ ಫಲಕ ದಾಟಿದ ಕ್ಷಣದಿಂದ ರಸ್ತೆ ಸುಂಕ, ವೇಗದ ಮಿತಿ, ಊರಿನ ಹೆಸರು ಎಲ್ಲವೂ ಬದಲಾಗುತ್ತವೆ. ಇದೊಂದನ್ನು ನೆನಪಿನಲ್ಲಿಟ್ಟುಕೊಂಡು ಯೋಜನೆ ಹಾಕಿದರೆ ಅರ್ಧ ಕೆಲಸ ಮುಗಿದಂತೆ.

ಯಾವ ದಾರಿ?

ಹತ್ತು ದಿನಕ್ಕೆ ಎಂಟು ದೇಶ ಎಂಬ ಆಸೆ ಬೇಡ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ನಾಲ್ಕು ದೇಶಗಳ ಒಂದು ಸುತ್ತು ಸಾಕು. ಉದಾಹರಣೆಗೆ, ಜರ್ಮನಿಯ ಮ್ಯೂನಿಕ್‌ನಿಂದ ಹೊರಟು ಆಸ್ಟ್ರಿಯ, ಸ್ಲೊವೇನಿಯ, ಇಟಲಿಯ ಉತ್ತರ ಭಾಗ ನೋಡಿ ಮತ್ತೆ ಮ್ಯೂನಿಕ್‌ಗೆ ಬರುವ ದಾರಿ. ಒಟ್ಟು ಸುಮಾರು 1,200 ಕಿ.ಮೀ. ಹದಿನಾಲ್ಕು ರಾತ್ರಿಗಳಿಗೆ ಹಂಚಿದರೆ ಯಾರಿಗೂ ಆಯಾಸವಾಗದು. ನಾಲ್ಕೂ ದೇಶಗಳಲ್ಲಿ ಯೂರೋ ನಾಣ್ಯವೇ ನಡೆಯುತ್ತದೆ.

ಮ್ಯೂನಿಕ್, 1 ರಾತ್ರಿ: ವಿಮಾನದಿಂದ ಇಳಿದ ದಿನ ಕಾರು ಓಡಿಸದೆ ವಿಶ್ರಾಂತಿ ಪಡೆಯುವುದು ಒಳ್ಳೆಯದು.

ಕೋನಿಗ್ಸ್‌ಸೇ ಸರೋವರ, 1 ರಾತ್ರಿ: ಜರ್ಮನಿಯ ಬೆರ್ಖ್ಟೆಸ್‌ಗಾಡನ್ ಹತ್ತಿರ, ಕಡಿದಾದ ಬಂಡೆಗಳ ನಡುವಿನ ಸರೋವರ. ನೀರು ಕೆಡಬಾರದೆಂದು 1909ರಿಂದಲೇ ಇಲ್ಲಿ ವಿದ್ಯುತ್ ದೋಣಿಗಳು ಓಡುತ್ತಿವೆ.

ಸಾಲ್ಸ್‌ಕಾಮರ್‌ಗುಟ್ ಪ್ರದೇಶ, ಆಸ್ಟ್ರಿಯ, 2 ರಾತ್ರಿ: ಹಲವು ಸರೋವರಗಳ ನಾಡು. ಪುರಾತನ ಉಪ್ಪಿನ ಗಣಿಯ ಹಾಲ್‌ಸ್ಟಾಟ್ ಹಳ್ಳಿ 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಪ್ರದೇಶದಲ್ಲಿದೆ. ಊರಿನ ಜನ ಸಾವಿರಕ್ಕೂ ಕಡಿಮೆ, ಬರುವ ಪ್ರವಾಸಿಗಳು ಲೆಕ್ಕವಿಲ್ಲದಷ್ಟು. ಕಾರನ್ನು ಊರ ಹೊರಗೆ ನಿಲ್ಲಿಸಬೇಕು. ಬೆಳಿಗ್ಗೆ ಬೇಗ ಹೋಗಿ ಬನ್ನಿ.

ಗ್ರಾಸ್‌ಗ್ಲಾಕ್ನರ್ ಪರ್ವತ ರಸ್ತೆ, 1 ರಾತ್ರಿ: 1935ರಲ್ಲಿ ತೆರೆದ 48 ಕಿ.ಮೀ. ಉದ್ದದ ಈ ರಸ್ತೆಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ರಸ್ತೆ 2,504 ಮೀಟರ್ ಎತ್ತರಕ್ಕೆ ಏರುತ್ತದೆ. ನಮ್ಮ ನೀಲಗಿರಿಯ ದೊಡ್ಡಬೆಟ್ಟದ ಎತ್ತರ 2,637 ಮೀಟರ್ ಎಂಬುದನ್ನು ನೆನೆದರೆ ಅಂದಾಜು ಸಿಗುತ್ತದೆ. ಇಲ್ಲಿಂದ ಆಸ್ಟ್ರಿಯದ ಅತಿ ಎತ್ತರದ ಶಿಖರ (3,798 ಮೀ.) ಮತ್ತು ಪಾಸ್ಟೆರ್ಜೆ ಹಿಮನದಿ ಕಾಣುತ್ತವೆ. ಈ ಹಿಮನದಿ ವರ್ಷದಿಂದ ವರ್ಷಕ್ಕೆ ಕರಗಿ ಹಿಂದೆ ಸರಿಯುತ್ತಿದೆ. ಮಕ್ಕಳಿಗೆ ತೋರಿಸಬೇಕಾದ ಜಾಗ.

ಕ್ಲಾಗನ್‌ಫುರ್ಟ್, ವೋರ್ತರ್‌ಸೇ ಸರೋವರ, 1 ರಾತ್ರಿ: ಆಸ್ಟ್ರಿಯದ ದಕ್ಷಿಣದ ಕ್ಯಾರಿಂತಿಯ ಪ್ರಾಂತ. ಬೇಸಿಗೆಯಲ್ಲಿ ನೀರು ಬೆಚ್ಚಗಿರುತ್ತದೆ.

ಬ್ಲೆಡ್ ಮತ್ತು ಬೋಹಿನ್ ಸರೋವರಗಳು, ಸ್ಲೊವೇನಿಯ, 3 ರಾತ್ರಿ: ಬ್ಲೆಡ್ ನಡುವಿನ ದ್ವೀಪದ ಚರ್ಚಿಗೆ ಹುಟ್ಟು ಹಾಕುವ ದೋಣಿಯಲ್ಲಿ ಹೋಗಿ 99 ಮೆಟ್ಟಿಲು ಹತ್ತಬೇಕು. ಬೋಹಿನ್ ಅಲ್ಲಿಂದ ಸುಮಾರು 26 ಕಿ.ಮೀ., ಗದ್ದಲ ಕಡಿಮೆ. ಹೊರಡುವಾಗ 50 ತಿರುವುಗಳ ವ್ರ್‌ಶಿಚ್ ಘಾಟಿ (1,611 ಮೀ.) ದಾಟಬಹುದು. ಮೊದಲ ಮಹಾಯುದ್ಧದಲ್ಲಿ ಸೆರೆ ಸಿಕ್ಕ ರಷ್ಯದ ಸೈನಿಕರಿಂದ ಈ ರಸ್ತೆ ಮಾಡಿಸಲಾಯಿತು. 1916ರಲ್ಲಿ ಹಿಮ ಕುಸಿದು ಸತ್ತವರ ನೆನಪಿಗೆ ದಾರಿ ಪಕ್ಕದಲ್ಲಿ ಮರದ ಪುಟ್ಟ ಪ್ರಾರ್ಥನಾ ಮಂದಿರವಿದೆ.

ಡೊಲೊಮೈಟ್ ಪರ್ವತಗಳು ಮತ್ತು ಬೋಲ್ಜಾನೊ, ಇಟಲಿ, 3 ರಾತ್ರಿ: ಬ್ರಾಯೆಸ್ ಸರೋವರ ಈ ಭಾಗದ ಪ್ರಮುಖ ಆಕರ್ಷಣೆ. ಜುಲೈಯಿಂದ ಸೆಪ್ಟೆಂಬರ್ ಮೊದಲ ಭಾಗದ ತನಕ ಹಗಲು ಹೊತ್ತಿನಲ್ಲಿ ಮುಂಗಡ ಕಾಯ್ದಿರಿಸದ ಕಾರುಗಳನ್ನು ಅಲ್ಲಿಗೆ ಬಿಡುವುದಿಲ್ಲ.

ಇನ್ಸ್‌ಬ್ರುಕ್ (ಆಸ್ಟ್ರಿಯ) 1 ರಾತ್ರಿ, ಮ್ಯೂನಿಕ್ 1 ರಾತ್ರಿ: ಬ್ರೆನ್ನರ್ ಘಾಟಿ ಮೂಲಕ ಹಿಂದಿರುಗುವ ದಾರಿ. ಈ ಹೆದ್ದಾರಿಯ ಲೂಯೆಗ್ ಸೇತುವೆಯಲ್ಲಿ 2025ರಿಂದ ಕಾಮಗಾರಿ ನಡೆಯುತ್ತಿದೆ. ದಟ್ಟಣೆಯ ದಿನಗಳಲ್ಲಿ ಕಾಯಬೇಕಾದೀತು. ವಿಮಾನದ ದಿನವೇ ಈ ಘಾಟಿ ದಾಟುವ ಸಾಹಸ ಬೇಡ.

ಯಾವ ತಿಂಗಳು?

ಹೆಚ್ಚಿನವರು ಎಡವುವುದು ಇಲ್ಲೇ. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್, ಮೇ. ಆ ಹೊತ್ತಿಗೆ ಆಲ್ಪ್ಸ್ ಘಾಟಿಗಳಲ್ಲಿ ಇನ್ನೂ ಹಿಮವಿರುತ್ತದೆ. ಗ್ರಾಸ್‌ಗ್ಲಾಕ್ನರ್ ರಸ್ತೆ ಸಾಮಾನ್ಯವಾಗಿ ಮೇ ಆರಂಭದಿಂದ ನವೆಂಬರ್ ಆರಂಭದ ತನಕ ಮಾತ್ರ ತೆರೆದಿರುತ್ತದೆ, ರಾತ್ರಿ ಮುಚ್ಚುತ್ತದೆ. ವ್ರ್‌ಶಿಚ್ ಕೂಡ ಚಳಿಗಾಲದಲ್ಲಿ ಬಂದ್. ಜುಲೈ, ಆಗಸ್ಟ್ ಅವರ ರಜೆ. ಬಾಡಿಗೆ ಹೆಚ್ಚು, ರಸ್ತೆ ತುಂಬ ಕಾರು. ಜೂನ್ ಮಧ್ಯದಿಂದ ಕೊನೆಯ ತನಕ ಅಥವಾ ಸೆಪ್ಟೆಂಬರ್ ತಿಂಗಳು ಉತ್ತಮ. ಕಾಸರಗೋಡು, ವಯನಾಡಿನವರಿಗೆ ಓಣಂ ರಜೆ ಸೆಪ್ಟೆಂಬರ್‌ನಲ್ಲಿ ಬಂದ ವರ್ಷ ಅದಕ್ಕೆ ಕೆಲವು ದಿನ ಸೇರಿಸಿಕೊಳ್ಳಬಹುದು.

ವೀಸಾ

ಈ ನಾಲ್ಕು ದೇಶಗಳಿಗೂ ಒಂದೇ ಷೆಂಗೆನ್ ವೀಸಾ ಸಾಕು. ಯಾವುದೇ 180 ದಿನಗಳಲ್ಲಿ ಗರಿಷ್ಠ 90 ದಿನ ಇರಬಹುದು. ಪ್ರವಾಸಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ಕೊನೆಯ ತನಕ ಕಾಯದೆ ಎರಡು, ಮೂರು ತಿಂಗಳ ಮೊದಲೇ ಹಾಕಿ. 2024ರ ಜೂನ್‌ನಲ್ಲಿ ಪರಿಷ್ಕರಿಸಿದ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45 ಯೂರೋ. ಆರು ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ.

ಯಾವ ದೇಶದ ಮೂಲಕ ಅರ್ಜಿ? ಹೆಚ್ಚು ದಿನ ತಂಗುವ ದೇಶದ ಮೂಲಕ. ಮೇಲಿನ ಸುತ್ತಿನಲ್ಲಿ ಜರ್ಮನಿ 3, ಆಸ್ಟ್ರಿಯ 5, ಸ್ಲೊವೇನಿಯ 3, ಇಟಲಿ 3 ರಾತ್ರಿ. ಆದ್ದರಿಂದ ಇಳಿಯುವುದು ಮ್ಯೂನಿಕ್‌ನಲ್ಲಾದರೂ ಅರ್ಜಿ ಆಸ್ಟ್ರಿಯಕ್ಕೆ. ಜರ್ಮನಿಯಲ್ಲಿರುವ ಮಕ್ಕಳ ಮನೆಯಲ್ಲಿ ಇನ್ನೂ ಎರಡು ವಾರ ಉಳಿಯುವುದಾದರೆ ಅರ್ಜಿ ಜರ್ಮನಿಗೆ.

ಗಡಿಯವರು ವಿಶೇಷವಾಗಿ ನೋಡಬೇಕಾದದ್ದು ದಾಖಲೆಗಳಲ್ಲಿನ ಹೆಸರು. ಶಾಲೆಯ ದಾಖಲೆಯಲ್ಲಿ ಕನ್ನಡದ ಹೆಸರು, ಪಡಿತರ ಚೀಟಿಯಲ್ಲಿ ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ, ಪಾಸ್‌ಪೋರ್ಟಿನಲ್ಲಿ ಇಂಗ್ಲಿಷಿನ ಮೂರನೆಯ ರೂಪ. ಮನೆಹೆಸರು, ಇನಿಷಿಯಲ್ ಒಂದೊಂದು ಕಡೆ ಒಂದೊಂದು ತರ. ಟಿಕೆಟ್, ವಿಮೆ, ಬ್ಯಾಂಕ್ ಪತ್ರ ಎಲ್ಲವೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ಜಮೀನಿನ ಪಟ್ಟಾ, ಸಾತ್‌ಬಾರಾ ಉತಾರದಂಥ ಕಾಗದಗಳನ್ನು ಲಗತ್ತಿಸುವುದಾದರೆ ಇಂಗ್ಲಿಷ್ ಅನುವಾದವನ್ನೂ ಇಡಿ.

2025ರ ಅಕ್ಟೋಬರ್‌ನಿಂದ ಷೆಂಗೆನ್ ಪ್ರದೇಶದ ಹೊರಗಡಿಗಳಲ್ಲಿ ಬೆರಳಚ್ಚು, ಮುಖಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಆರಂಭವಾಗಿದೆ. ಒಳಗಡಿಗಳಲ್ಲೂ ಕೆಲವು ದೇಶಗಳು ಆಗಾಗ ತಾತ್ಕಾಲಿಕ ತಪಾಸಣೆ ನಡೆಸುತ್ತವೆ. ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ಗಡಿ ದಾಟಬೇಡಿ.

ಕಾರು ಓಡಿಸುವವರು ಯಾರು?

ಭಾರತದ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇರಬೇಕು. ಇದನ್ನು ನಿಮ್ಮ ವಿಳಾಸವಿರುವ ರಾಜ್ಯದ ಆರ್.ಟಿ.ಒ. ಕಚೇರಿ ಕೊಡುತ್ತದೆ. ಅವಧಿ ಒಂದು ವರ್ಷ.

ಒಂದು ಎಚ್ಚರಿಕೆ. ಜರ್ಮನಿಯಲ್ಲಿ ನೆಲೆಸಿರುವ ಮಗ ಅಥವಾ ಮಗಳು ಭಾರತದ ಲೈಸೆನ್ಸ್‌ನಲ್ಲಿ ಅಲ್ಲಿ ಕಾರು ಓಡಿಸಬಹುದಾದದ್ದು ಮೊದಲ ಆರು ತಿಂಗಳು ಮಾತ್ರ. ನಂತರ ಪರೀಕ್ಷೆ ಬರೆದು ಜರ್ಮನಿಯ ಲೈಸೆನ್ಸ್ ಪಡೆಯಬೇಕು. ಅದಿಲ್ಲದೆ ಓಡಿಸುವುದು ಅಲ್ಲಿ ಕ್ರಿಮಿನಲ್ ಅಪರಾಧ. ಅಪಘಾತವಾದರೆ ವಿಮೆಯ ತೊಡಕು ಬೇರೆ. ‘ಮಗನಿಗೆ ಅಲ್ಲಿ ಎಲ್ಲಾ ಗೊತ್ತು’ ಎಂದು ಸುಮ್ಮನಾಗದೆ, ಟಿಕೆಟ್ ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಬಾಡಿಗೆ ಕಾರಿಗೆ ಸಾಮಾನ್ಯವಾಗಿ ಚಾಲಕನ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಯಾವ ಯಾವ ದೇಶಕ್ಕೆ ಒಯ್ಯುತ್ತೀರಿ ಎಂದು ಮೊದಲೇ ಬರೆಸಿ ಒಪ್ಪಿಗೆ ಪಡೆಯಿರಿ. ಆಟೊಮ್ಯಾಟಿಕ್ ಗೇರ್ ಬೇಕಿದ್ದರೆ ಮುಂಗಡ ತಿಳಿಸಿ. ಐದು ಜನ, ಐದು ದೊಡ್ಡ ಪೆಟ್ಟಿಗೆ ಎಂದರೆ ಸಣ್ಣ ಕಾರು ಸಾಲದು.

ರಸ್ತೆ ಸುಂಕ ಮತ್ತು ನಿಯಮ

- ಜರ್ಮನಿ: ಕಾರುಗಳಿಗೆ ಹೆದ್ದಾರಿ ಟೋಲ್ ಇಲ್ಲ.
- ಆಸ್ಟ್ರಿಯ: ಹೆದ್ದಾರಿಗೆ ‘ವಿನ್ಯೆಟ್’ ಎಂಬ ಪರವಾನಗಿ ಕೊಳ್ಳಬೇಕು. 1 ದಿನ, 10 ದಿನ, 2 ತಿಂಗಳು, 1 ವರ್ಷದ್ದು ಸಿಗುತ್ತವೆ. ಬ್ರೆನ್ನರ್ ಹೆದ್ದಾರಿ, ಗ್ರಾಸ್‌ಗ್ಲಾಕ್ನರ್ ರಸ್ತೆಗಳಿಗೆ ಬೇರೆ ಸುಂಕ.
- ಸ್ಲೊವೇನಿಯ: ಹೆದ್ದಾರಿಗೆ ವಿನ್ಯೆಟ್. 2022ರಿಂದ ಇದು ಕಾರಿನ ನಂಬರಿಗೆ ಜೋಡಿಸುವ ಇ-ವಿನ್ಯೆಟ್. ಆಸ್ಟ್ರಿಯದಿಂದ ಹೋಗುವ ಸುಮಾರು 8 ಕಿ.ಮೀ. ಉದ್ದದ ಕಾರವಾಂಕನ್ ಸುರಂಗಕ್ಕೆ ಪ್ರತ್ಯೇಕ ಸುಂಕ.
- ಇಟಲಿ: ಹೆದ್ದಾರಿ ಹತ್ತುವಾಗ ಚೀಟಿ, ಇಳಿಯುವಾಗ ದೂರಕ್ಕೆ ತಕ್ಕ ಹಣ. ಹಳೆಯ ಪೇಟೆಗಳಲ್ಲಿ ‘ಜೆಡ್.ಟಿ.ಎಲ್.’ ಫಲಕ ಕಂಡರೆ ಒಳಗೆ ಹೋಗಬೇಡಿ. ಕ್ಯಾಮೆರಾ ಫೋಟೊ ತೆಗೆಯುತ್ತದೆ, ದಂಡದ ಪತ್ರ ತಿಂಗಳುಗಳ ನಂತರ ಮನೆಗೆ ಬರುತ್ತದೆ.

ಎಲ್ಲೆಡೆ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಅವಕಾಶ. ಊರೊಳಗೆ ಸಾಮಾನ್ಯ ಮಿತಿ 50 ಕಿ.ಮೀ.; ಹೆದ್ದಾರಿಯಲ್ಲಿ ಆಸ್ಟ್ರಿಯ, ಸ್ಲೊವೇನಿಯ, ಇಟಲಿಗಳಲ್ಲಿ 130. ಆಸ್ಟ್ರಿಯದಲ್ಲಿ 135 ಸೆಂ.ಮೀ., ಉಳಿದ ಕಡೆ 150 ಸೆಂ.ಮೀ. ಎತ್ತರವಾಗದ ಚಿಕ್ಕ ಮಕ್ಕಳಿಗೆ ಪ್ರತ್ಯೇಕ ಸೀಟು ಬೇಕು. ಮಡಿಲಲ್ಲಿ ಕೂರಿಸಿಕೊಳ್ಳುವಂತಿಲ್ಲ. ಹೆದ್ದಾರಿಯಲ್ಲಿ ವಾಹನಗಳು ನಿಂತುಬಿಟ್ಟರೆ ಆಂಬುಲೆನ್ಸ್‌ಗಾಗಿ ನಡುವೆ ದಾರಿ ಬಿಟ್ಟು ಬದಿಗೆ ಸರಿಯಬೇಕು. ತುರ್ತು ಕರೆಗೆ ಎಲ್ಲಾ ಕಡೆ 112.

ಘಾಟಿ ಇಳಿಯುವಾಗ ಬರೀ ಬ್ರೇಕ್ ನಂಬದೆ ಕೆಳ ಗೇರಿನಲ್ಲಿ ಇಳಿಯಿರಿ. ದಿಂಬಂ ಘಾಟಿಯ 27 ತಿರುವು ಇಳಿದು ರೂಢಿಯಿರುವ ತಾಳವಾಡಿಯವರಿಗೆ ಇದನ್ನು ಹೇಳಬೇಕಾಗಿಲ್ಲ.

ಒಂದೂರಿಗೆ ಎರಡು ಹೆಸರು

ಮಂಜೇಶ್ವರ, ಮಂಜೇಶ್ವರಂ, ಆದವಾನಿ, ಆದೋನಿ, ಸೊಲ್ಲಾಪುರ, ಸೋಲಾಪುರ. ಇಂಥ ಜೋಡಿ ಹೆಸರುಗಳ ನಡುವೆ ಬೆಳೆದ ನಮಗೆ ಅಲ್ಲಿನ ಫಲಕಗಳು ಬೇಗ ಅರ್ಥವಾಗುತ್ತವೆ. ಬೋಲ್ಜಾನೊ ಜರ್ಮನ್ ಭಾಷೆಯಲ್ಲಿ ಬೋಜೆನ್. ಫಿಲ್ಲಾಖ್ ಸ್ಲೊವೇನಿಯದವರಿಗೆ ಬೆಲ್ಯಾಕ್, ಕ್ಲಾಗನ್‌ಫುರ್ಟ್ ಅವರಿಗೆ ತ್ಸೆಲೋವೆತ್ಸ್. ಇಟಲಿಯವರು ಮ್ಯೂನಿಕ್‌ಗೆ ಮೊನಾಕೊ ಎನ್ನುತ್ತಾರೆ! ಎರಡೂ ಹೆಸರುಗಳನ್ನು ಬರೆದಿಟ್ಟುಕೊಂಡರೆ ದಾರಿ ತಪ್ಪುವುದಿಲ್ಲ.

ಈ ಹೆಸರುಗಳ ಹಿಂದೆ ದೊಡ್ಡ ಕಥೆಯಿದೆ. ಬೋಲ್ಜಾನೊ ಇರುವ ದಕ್ಷಿಣ ಟಿರೋಲ್ 1919ರ ಒಪ್ಪಂದದಲ್ಲಿ ಆಸ್ಟ್ರಿಯದಿಂದ ಇಟಲಿಗೆ ಸೇರಿತು. ಮುಸೊಲಿನಿಯ ಕಾಲದಲ್ಲಿ ಜರ್ಮನ್ ಶಾಲೆಗಳನ್ನು ಮುಚ್ಚಿಸಿ, ಊರುಗಳಿಗೆ ಇಟಾಲಿಯನ್ ಹೆಸರು ಹೇರಲಾಯಿತು. 1972ರ ಸ್ವಾಯತ್ತ ಶಾಸನದ ನಂತರ ಪರಿಸ್ಥಿತಿ ಸುಧಾರಿಸಿತು. ಇಂದು ಅಲ್ಲಿ ಸುಮಾರು ಮೂರನೇ ಎರಡು ಭಾಗದ ಜನ ಜರ್ಮನ್ ಮಾತನಾಡುವವರು. ಡೊಲೊಮೈಟ್ ಕಣಿವೆಗಳಲ್ಲಿ ಲಾಡಿನ್ ಎಂಬ ಸಣ್ಣ ಭಾಷೆಗೂ ಶಾಲೆಯಲ್ಲಿ, ಫಲಕದಲ್ಲಿ ಜಾಗವಿದೆ.

ಆಸ್ಟ್ರಿಯದ ಕ್ಯಾರಿಂತಿಯದಲ್ಲಿ ಸ್ಲೊವೇನ್ ಮಾತನಾಡುವವರ ಪಾಡು ಇನ್ನೊಂದು ಬಗೆಯದು. ಅವರ ಹಕ್ಕುಗಳಿಗೆ 1955ರ ಒಪ್ಪಂದದಲ್ಲೇ ಭರವಸೆ ಸಿಕ್ಕಿತ್ತು. 1972ರಲ್ಲಿ ಹಾಕಿದ ಎರಡು ಭಾಷೆಯ ಫಲಕಗಳನ್ನು ವಿರೋಧಿಗಳು ಕಿತ್ತೆಸೆದರು. ಕೊನೆಗೆ 2011ರಲ್ಲಿ 164 ಊರುಗಳಿಗೆ ಎರಡು ಭಾಷೆಯ ಫಲಕ ಎಂದು ತೀರ್ಮಾನವಾಯಿತು. ಆ ದಾರಿಯಲ್ಲಿ ಹೋಗುವಾಗ ಕಾರು ನಿಧಾನಿಸಿ ಒಂದು ಫಲಕವನ್ನು ಮಕ್ಕಳಿಗೆ ತೋರಿಸಿ.

ಚೀಲದಲ್ಲಿ ಏನಿರಲಿ?

ಹಾಲು, ತುಪ್ಪ, ಮಾಂಸದ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಹಣ್ಣು ತರಕಾರಿಗೂ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆಹಣ್ಣು, ಅನಾನಸು, ಖರ್ಜೂರಕ್ಕೆ ವಿನಾಯಿತಿ ಇದೆ. ಅವಲಕ್ಕಿ, ಚಟ್ನಿಪುಡಿ ಇದ್ದರೆ ಬೆಳಗಿನ ತಿಂಡಿಗೆ ಚಿಂತೆಯಿಲ್ಲ. ಜರ್ಮನಿ, ಆಸ್ಟ್ರಿಯಗಳಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಸಾಮಾನು ಕೊಂಡಿಡಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ವೈದ್ಯರ ಇಂಗ್ಲಿಷ್ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಸೆಪ್ಟೆಂಬರ್‌ನಲ್ಲೂ ಘಾಟಿಯ ಮೇಲೆ ಹಿಮ ಬೀಳಬಹುದು, ಎಲ್ಲರಿಗೂ ಸ್ವೆಟರ್, ಮಳೆ ಅಂಗಿ ಇರಲಿ.

ಹೊರಡುವ ಹಿಂದಿನ ದಿನ ಘಾಟಿಗಳು ತೆರೆದಿವೆಯೇ ಎಂದು ಅಂತರ್ಜಾಲದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ. ಮುಚ್ಚಿದ್ದರೆ ಕಣಿವೆಯ ಹೆದ್ದಾರಿ ಇದ್ದೇ ಇದೆ. ಒಂದು ಘಾಟಿ ತಪ್ಪಿದರೂ ಸರೋವರಗಳು ಸಿಕ್ಕೇ ಸಿಗುತ್ತವೆ. ನಿಮ್ಮ ಪ್ರಯಾಣ ಸುಖಕರವಾಗಲಿ.