ಪದ ಪರಿಚಯ: ಹಣದುಬ್ಬರ

‘ಹಣದ’ ಮತ್ತು ‘ಉಬ್ಬರ’ ಸೇರಿ ಲೋಪಸಂಧಿಯಿಂದ ಆದ ಪದ ‘ಹಣದುಬ್ಬರ’. ‘ಉಬ್ಬರ’ದ ಬೇರು ‘ಉಬ್ಬು’ ಎಂಬ ಕ್ರಿಯಾಪದ. ಕಡಲಿನ ಉಬ್ಬರವಿಳಿತದಲ್ಲಿ ಇರುವುದೂ ಅದೇ. ‘ಹಣ’ ಸಂಸ್ಕೃತದ ‘ಪಣ’ದ ತದ್ಭವ, ಹಿಂದೆ ಸಣ್ಣ ಚಿನ್ನದ ನಾಣ್ಯವೊಂದರ ಹೆಸರೂ ಆಗಿತ್ತು.

ಯಾದಗಿರಿ, ಶಹಾಪುರ, ಸುರಪುರದ ಆಡುಮಾತಿನಲ್ಲಿ ಹಣದುಬ್ಬರಕ್ಕೆ ಹತ್ತಿರದ ಪದ ‘ತುಟ್ಟಿ’: ‘ಬ್ಯಾಳಿ ತುಟ್ಟಿ ಆಗ್ಯಾದ’. ಇದೇ ಪದ ‘ತುಟ್ಟಿಭತ್ಯೆ’ಯಾಗಿ ಸರ್ಕಾರಿ ಕಡತವನ್ನೂ ಸೇರಿದೆ. ಆದರೆ ತುಟ್ಟಿ ಒಂದೊಂದು ವಸ್ತುವಿನದು. ಹಣದುಬ್ಬರ ಎಲ್ಲ ಬೆಲೆಗಳ ಸರಾಸರಿ ಏರಿಕೆ.

ಆ ಸರಾಸರಿಯಲ್ಲಿ ಪ್ರತಿ ವಸ್ತುವಿಗೂ ಒಂದು ತೂಕವಿದೆ. 2012ನ್ನು ಆಧಾರವರ್ಷವಾಗಿಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ, ಪಾನೀಯಗಳ ತೂಕ ಗ್ರಾಮೀಣ ಭಾರತಕ್ಕೆ ಶೇ 54.18, ನಗರಕ್ಕೆ ಶೇ 36.29 ಇತ್ತು. ಬಡತನ ಹೆಚ್ಚಿದಂತೆ ಖರ್ಚಿನಲ್ಲಿ ಊಟದ ಪಾಲು ಹೆಚ್ಚುತ್ತದೆ ಎಂಬುದನ್ನು ಜರ್ಮನಿಯ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದ.

ಯಾದಗಿರಿ ಬಳಿಯ ಹತ್ತಿಕುಣಿಯ ಎರಡು ಮನೆಗಳನ್ನು ಊಹಿಸಿಕೊಳ್ಳಿ. ಕೂಲಿಯವರ ಖರ್ಚಿನಲ್ಲಿ ಶೇ 60 ಊಟಕ್ಕೆ. ಸಂಬಳದವರದು ಶೇ 30. ಆಹಾರದ ಬೆಲೆ ಶೇ 10, ಉಳಿದವುಗಳದು ಶೇ 2 ಏರಿದರೆ, ಮೊದಲ ಮನೆಯ ಹಣದುಬ್ಬರ ಶೇ 6.8, ಎರಡನೆಯದು ಶೇ 4.4. ಸೂಚ್ಯಂಕದ ತೂಕಗಳನ್ನು ಎಲ್ಲ ಮನೆಗಳ ಒಟ್ಟು ಖರ್ಚಿನಿಂದ ಲೆಕ್ಕ ಹಾಕುವುದರಿಂದ, ಹೆಚ್ಚು ಖರ್ಚು ಮಾಡುವವರ ಖರೀದಿಯೇ ಅದರಲ್ಲಿ ಹೆಚ್ಚು ತೂಗುತ್ತದೆ.

ಕೃಷಿ ಕಾರ್ಮಿಕರಿಗೆ, ಕೈಗಾರಿಕಾ ಕಾರ್ಮಿಕರಿಗೆ ಪ್ರತ್ಯೇಕ ಸೂಚ್ಯಂಕಗಳೂ ಇವೆ. ‘ಹಣದುಬ್ಬರ’ ಎಂದು ಬರೆಯುವಾಗ ಅದು ಯಾರ ಹಣದುಬ್ಬರ ಎಂಬುದನ್ನೂ ಬರೆಯಬೇಕು. ಕೂಲಿಯ ದರ ನಿರ್ಧರಿಸುವವರಿಗೆ ಆ ವ್ಯತ್ಯಾಸ ಕಾಣಲೇಬೇಕು.