ಗಟ್ಟಿಮೇಳದ ಹೊತ್ತಿನ ಫೋಕಸ್

ಅಪ್ಪನ ಯಾಷಿಕಾ ಎಫ್‌ಎಕ್ಸ್-3 ಕ್ಯಾಮೆರಾಕ್ಕೆ ಕಣ್ಣಿಟ್ಟರೆ ನಟ್ಟನಡುವೆ ಒಂದು ಪುಟ್ಟ ವೃತ್ತ. ಫೋಕಸ್ ತಪ್ಪಿದ್ದರೆ ಮದುಮಗನ ಶಲ್ಯದ ಅಂಚು ಆ ವೃತ್ತದೊಳಗೆ ಎರಡು ತುಂಡಾಗಿ ಕಾಣುತ್ತಿತ್ತು. ಲೆನ್ಸಿನ ಉಂಗುರ ತಿರುಗಿಸಿದಂತೆ ತುಂಡುಗಳು ಸರಿದು ಸರಿದು ಕೂಡಿಕೊಳ್ಳುತ್ತಿದ್ದವು. “ಗೆರೆ ಕೂಡ್ತಾ? ಹಂಗಾದ್ರೆ ಇನ್ನು ಉಂಗುರ ಮುಟ್ಬೇಡ ಕಣೇ” ಎನ್ನುತ್ತಿದ್ದರು ಅಪ್ಪ. ರೀಲಿನಲ್ಲಿ ಇರುವುದು 36 ಚಿತ್ರ. ತಾಳಿ ಕಟ್ಟುವುದು ಒಂದೇ ಸಲ.

ಯಂತ್ರವೂ ಗೆರೆ ಕೂಡಿಸುವುದನ್ನೇ ಕಲಿತುಕೊಂಡಿತು. ಆಟೋಫೋಕಸ್‌ನ ಚರಿತ್ರೆಯಲ್ಲಿ ನನಗೆ ಬಹಳ ಪ್ರಿಯವಾದ ಸಂಗತಿ ಇದು. 1977ರಲ್ಲಿ ಬಂದ ಕೋನಿಕಾ ಸಿ35 ಎಎಫ್, ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಆಟೋಫೋಕಸ್ ಕ್ಯಾಮೆರಾ. ಅದರೊಳಗಿದ್ದ ಹನಿವೆಲ್ ಕಂಪನಿಯ ಸಾಧನದಲ್ಲಿ ಎರಡು ಕನ್ನಡಿ, ಒಂದು ಸ್ಥಿರ, ಇನ್ನೊಂದು ತಿರುಗುವಂಥದ್ದು. ಎರಡರ ಬಿಂಬವೂ ಹೊಂದಿಕೊಂಡ ಜಾಗದಲ್ಲಿ ಲೆನ್ಸ್ ನಿಲ್ಲುತ್ತಿತ್ತು. 1985ರ ಮಿನೋಲ್ಟಾ 7000ರಲ್ಲಿ ಸೆನ್ಸರು, ಮೋಟರು ಎರಡೂ ಬಾಡಿಯೊಳಗೇ ಸೇರಿದವು. ಲೆನ್ಸಿನ ಎರಡು ಪಕ್ಕದಿಂದ ಬಂದ ಬೆಳಕನ್ನು ಬೇರೆ ಬೇರೆಯಾಗಿ ಬೀಳಿಸಿ, ಬಿಂಬಗಳ ಅಂತರ ಅಳೆದು, ಎತ್ತ ಕಡೆ ಎಷ್ಟು ತಿರುಗಿಸಬೇಕೆಂದು ಅದು ತಾನೇ ಲೆಕ್ಕ ಹಾಕುತ್ತಿತ್ತು. ಇದರ ಪೇಟೆಂಟ್ ಜಗಳ ಕೋರ್ಟಿಗೆ ಹೋಗಿ, 1992ರಲ್ಲಿ ಮಿನೋಲ್ಟಾ ಹನಿವೆಲ್‌ಗೆ 12.75 ಕೋಟಿ ಡಾಲರ್ ತೆರಲು ಒಪ್ಪಿತು. ಕ್ಯಾನನ್ 1987ರಲ್ಲಿ ತನ್ನ ಹಳೆಯ ಲೆನ್ಸ್ ಮೌಂಟನ್ನೇ ಕೈಬಿಟ್ಟು, ಒಂದೊಂದು ಲೆನ್ಸಿನೊಳಗೂ ಮೋಟರ್ ಇಟ್ಟು ಇಒಎಸ್ ಸಾಲನ್ನು ಶುರುಮಾಡಿತು. ಸಾಲ ಮಾಡಿ ಹಳೆಯ ಲೆನ್ಸು ಕೂಡಿಸಿಟ್ಟುಕೊಂಡವರ ಸಂಕಟ ನನಗೆ ಅರ್ಥವಾಗುತ್ತದೆ.

ಇವತ್ತಿನ ಕ್ಯಾನನ್ ಕ್ಯಾಮೆರಾದ ಮೆನುವಿನಲ್ಲಿರುವ ‘ಒನ್ ಶಾಟ್’ ಅಪ್ಪನ “ಮುಟ್ಬೇಡ ಕಣೇ” ಅಲ್ಲದೆ ಬೇರೇನೂ ಅಲ್ಲ. ಗುಂಡಿ ಅರ್ಧ ಒತ್ತಿದಾಗ ಸಿಕ್ಕ ದೂರ, ಬೆರಳು ಬಿಡುವ ತನಕ ಕದಲುವುದಿಲ್ಲ. ನಿಕಾನ್‌ನವರು ಇದನ್ನು ಎಎಫ್-ಎಸ್ ಅನ್ನುತ್ತಾರೆ. ದಿಬ್ಬಣ ಬರುವಾಗ ಅಪ್ಪ ಬೇರೆ ಉಪಾಯ ಮಾಡುತ್ತಿದ್ದರು: ಬಾಗಿಲ ರಂಗೋಲಿಗೆ ಫೋಕಸ್ ಮಾಡಿಟ್ಟು, ಮದುಮಗ ಅದನ್ನು ತುಳಿಯುವ ಒಂದು ಹೆಜ್ಜೆ ಮೊದಲೇ ಗುಂಡಿ ಒತ್ತುವುದು. ಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಮೇಲೇಳುವ ಹೊತ್ತಿಗೆ ನಡೆಯುವವನು ಮುಂದೆ ಬಂದಿರುತ್ತಾನಲ್ಲ. ಆ ಒಂದು ಹೆಜ್ಜೆಯನ್ನು ಮುಂಗಂಡು ಲೆಕ್ಕ ಹಾಕುವುದನ್ನು 1988ರ ಮಿನೋಲ್ಟಾ 7000ಐ ಸಾಧಿಸಿತು. ದಿಬ್ಬಣಕ್ಕೆ ನಾನು ಇಡುವುದು ಆ ವಂಶದ ಮೋಡನ್ನೇ, ಚಲಿಸುವುದನ್ನು ಬಿಡದೆ ಹಿಂಬಾಲಿಸಿ ಫೋಕಸ್ ಬದಲಿಸುತ್ತಲೇ ಇರುವ ಎಐ ಸರ್ವೋ.

ಮುಹೂರ್ತಕ್ಕೆ ಮಾತ್ರ ಇಡುವುದಿಲ್ಲ. ನನ್ನ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿ ಫೋಕಸ್ ಬಿಂದುಗಳನ್ನೆಲ್ಲ ತೆರೆದಿಟ್ಟು, ಸರ್ವೋದಲ್ಲಿ ಒಂದು ಮದುವೆ ತೆಗೆದೆ. ಗಟ್ಟಿಮೇಳ ಶುರುವಾಗಿದ್ದೇ ತಡ, ಕ್ಯಾಮೆರಾ ಹತ್ತಿರದ ಅಕ್ಷತೆಯನ್ನು ಹಿಡಿಯಿತು. ಕಾಳು ಕಾಳೂ ಶಾರ್ಪು, ತಾಳಿ ಹಿಡಿದ ಕೈ ಮಸುಕು. ಆ ಮನೆಯವರ ಮುಂದೆ ಆಲ್ಬಮ್ ಬಿಚ್ಚುವಾಗ ಕೈ ನಡುಗಿತ್ತು.

ಈಗ ಪುರೋಹಿತರು ಮಾಂಗಲ್ಯವನ್ನು ಕೈಗೆ ಕೊಡುತ್ತಿದ್ದಂತೆ ಒನ್ ಶಾಟ್‌ಗೆ ತಿರುಗಿಸಿ, ಮದುಮಗಳ ಕಿವಿಯ ಓಲೆಯ ಮೇಲೆ ಒಂದೇ ಬಿಂದು ಇಟ್ಟು, ಗುಂಡಿ ಅರ್ಧ ಒತ್ತಿ ಉಸಿರು ಹಿಡಿದು ನಿಲ್ಲುತ್ತೇನೆ. ಓಲಗ ಏರುತ್ತದೆ, ಅಕ್ಷತೆ ಸುರಿಯುತ್ತದೆ, ಉಂಗುರ ಕದಲುವುದಿಲ್ಲ.